ಹೆಪ್ಪಿಗೆ ಒಂದು ಚಮಚ ಮೊಸರು

ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಚಾಳಿನಲ್ಲಿ ಆಗ ಮಲಗುವ ತನಕ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಯಾರ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ, ಯಾರ ಮನೆಯಲ್ಲಿ ಬಂಗುಡೆ ಸಾರು ಎಂಬುದು ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನಮ್ಮ ಮೂಗಿಗೇ ಗೊತ್ತಾಗುತ್ತಿತ್ತು. ಹಾಗಾಗಿ ಸಂಜೆ ಕುಸುಮಕ್ಕನ ಬಾಗಿಲು ಮುಚ್ಚಿತೆಂದರೆ ನಮ್ಮ ಆಟ ನಿಲ್ಲುತ್ತಿತ್ತು. ಉಡುಪಿ ಕಡೆಯ ಕುಸುಮಕ್ಕ ನಮಗೆಲ್ಲ ಜಡೆ ಹೆಣೆಯುತ್ತಿದ್ದವಳು. ಕೆಲಸದಿಂದ ಬಂದ ಗಂಡ ಬಾಗಿಲು ಹಾಕಿಕೊಂಡು ಅವಳನ್ನು ಹೊಡೆಯುತ್ತಿದ್ದ. ಗಂಡ ಹೆಂಡತಿ ವಿಷಯ ನಮಗ್ಯಾಕೆ ಎಂದು ದೊಡ್ಡವರು ಟೀವಿ ಸದ್ದು ಜೋರು ಮಾಡುತ್ತಿದ್ದರು.

ಹಾಗೆ ಮಾಡದವಳು ಪಕ್ಕದ ಒಂಟಿಕೋಣೆ ಖೋಲಿಯ ಸುಮಿತ್ರಾ ಮೌಶಿ ಒಬ್ಬಳೇ; ಮರಾಠಿಯ ಮೌಶಿ ಎಂದರೆ ಚಿಕ್ಕಮ್ಮ. ಧಾರವಾಡದವಳು, ದಾದರ್‌ನ ಒಂದು ಸಂಸ್ಥೆಯಲ್ಲಿ ಕೆಲಸ. ಏಟು ತಿಂದ ಹೆಂಗಸರ ಜೊತೆ ಠಾಣೆ, ಕೋರ್ಟು, ಕಾನೂನು ಬದಲಿಸಿ ಎಂದು ಕೇಳಲು ಮಂತ್ರಿಗಳ ಕಚೇರಿ, ಹೀಗೆ ಚಪ್ಪಲಿ ಸವೆಸುತ್ತಿದ್ದಳು. ಭಾನುವಾರ ಚಾಳಿನ ಹುಡುಗ ಹುಡುಗಿಯರಿಗೆಲ್ಲ ಹಚ್ಚಿದ ಅವಲಕ್ಕಿ ಕೊಟ್ಟು ಪಾಠ ಹೇಳುತ್ತಿದ್ದಳು. ಒಂದು ಮಳೆಗಾಲದಲ್ಲಿ ಕಲಿಸಿದ ಪಾಠ ಬಹಳ ಸಣ್ಣದು. ಕುಸುಮಕ್ಕನ ಮನೆಯಿಂದ ಏಟಿನ ಸದ್ದು ಕೇಳಿದ ಕೂಡಲೇ ನಮ್ಮಲ್ಲಿ ಆ ದಿನ ಪಾಳಿಯಲ್ಲಿದ್ದವರು ಬಟ್ಟಲು ಹಿಡಿದು ಹೋಗಿ ಬಾಗಿಲು ತಟ್ಟಬೇಕು, ಹೆಪ್ಪಿಗೆ ಮೊಸರು ಕೇಳಬೇಕು. ಹೆಪ್ಪು ಕೇಳಿದವರನ್ನು ಬರಿಗೈಯಲ್ಲಿ ಕಳಿಸುವ ಮನೆ ನಮ್ಮಲ್ಲಿರಲಿಲ್ಲ.

“ಅಂವಾ ಕೊಟ್ಟರ ಇಸ್ಕೋಬ್ಯಾಡ. ಕುಸುಮಕ್ಕನ ಕೈಯಿಂದನ ಬೇಕನ್ನು. ಆಕಿ ಮಾರಿ ಕಾಣೂತನಕಾ ಸರಿಬ್ಯಾಡ,” ಎಂದಿದ್ದಳು ಮೌಶಿ.

ನನ್ನ ಪಾಳಿ ಬಂದಾಗ ಬಟ್ಟಲು ಹಿಡಿದು ಹೋಗಿ ಕುಸುಮಕ್ಕನ ಬಾಗಿಲು ತಟ್ಟಿದೆ. ಅವನು ಬಾಗಿಲು ತೆರೆದು ದುರುಗುಟ್ಟಿದ. ಹೇಗೋ ಮೊಸರು ಕೇಳಿದೆ. ನನ್ನ ಬೆನ್ನ ಹಿಂದೆ ಗ್ಯಾಲರಿಯುದ್ದಕ್ಕೂ ಜನ ಒಬ್ಬೊಬ್ಬರೇ ಹೊರಗೆ ಬಂದು ನಿಂತರು. ಅವನ ಬಿಗಿದ ಮುಷ್ಟಿ ಸಡಿಲಾಯಿತು. ಕುಸುಮಕ್ಕ ಬಂದು ಒಂದು ಚಮಚ ಮೊಸರು ಹಾಕಿದಳು. ನಾನು ಬೆರಗಾಗಿ ನನ್ನ ಪುಟ್ಟ ಬಟ್ಟಲನ್ನೇ ನೋಡಿದೆ. ಆ ಮಳೆಗಾಲವೆಲ್ಲ ಮೌಶಿಯ ಮನೆಯಲ್ಲಿ ಮೊಸರೇ ಮೊಸರು. ಇಂಗಿನೊಗ್ಗರಣೆಯ ಮಜ್ಜಿಗೆ ಕುಡಿದೂ ಕುಡಿದೂ ಮಕ್ಕಳಿಗೆಲ್ಲ ನೆಗಡಿ.

ಆದರೆ ಏಟು ತಡೆದರೆ ಸಾಲದಲ್ಲ. “ಬಿಟ್ಟು ನಾನೆಲ್ಲಿಗೆ ಹೋಗುವುದು ಮೌಶಿ? ಖೋಲಿ ಅವರ ಹೆಸರಲ್ಲುಂಟು,” ಎಂದಳು ಒಮ್ಮೆ ಕುಸುಮಕ್ಕ.

ಮೌಶಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನೀ ಯಾಕ ಹೋಗ್ಬೇಕು? ಅಂವಾ ಹೋಗ್ಲಿ.”

ಜಗಳವಾದರೆ ಚೀಲ ಹಿಡಿದು ತವರಿಗೆ ಹೋಗುವವಳು ಹೆಂಡತಿ ಎಂದೇ ನಾನು ತಿಳಿದಿದ್ದೆ. ಹೊಡೆದವನನ್ನೇ ಹೊರಗೆ ಕಳಿಸುವಂಥ ಕಾನೂನಿಗಾಗಿ ಮೌಶಿಯಂಥವರು ವರ್ಷಗಟ್ಟಲೆ ಅಲೆದು, ಕೊನೆಗೆ ಅದನ್ನು ತಂದಿದ್ದರಂತೆ. ಕುಸುಮಕ್ಕ ಮೌಶಿಯ ಜೊತೆ ಹೋಗಿ ಅರ್ಜಿ ಹಾಕಿದಳು. ಗಣಪತಿ ಹಬ್ಬಕ್ಕೆ ಮುಂಚೆ, ಗಂಡ ಖೋಲಿ ಬಿಡಬೇಕೆಂದು ಕೋರ್ಟಿನ ಆದೇಶ ಬಂತು. ಅವನು ಚೀಲ ಹಿಡಿದು ಚಾಳಿನ ಮೆಟ್ಟಿಲಿಳಿದ. ಇಡೀ ಗ್ಯಾಲರಿ ಹೊರಗೆ ನಿಂತು ನೋಡಿತು. ಕುಸುಮಕ್ಕ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಒಲೆಯ ಮೇಲೆ ಹಾಲಿಟ್ಟಳು. ಜಗತ್ತನ್ನು ಹೀಗೂ ತಿರುಗಿಸಬಹುದೇ ಎಂದು ನಾನು ಬಾಯಿ ತೆರೆದು ನಿಂತಿದ್ದೆ. ಆ ಬೆರಗು ಇನ್ನೂ ಇಳಿದಿಲ್ಲ.

ಈಗ ಮೌಶಿಯೂ ಇಲ್ಲ, ಚಾಳೂ ಇಲ್ಲ. ನಾನಿರುವುದು ಬಾಂದ್ರಾದ ಬಿಲ್ಡಿಂಗ್‌ನಲ್ಲಿ, ಮೊಸರು ಪ್ಯಾಕೆಟ್ಟಿನದು. ಮೊನ್ನೆ ಸಂಜೆ ಎದುರು ಫ್ಲಾಟಿನಿಂದ ಅದೇ ಸದ್ದು ಕೇಳಿತು. ಬಟ್ಟಲು ಹಿಡಿದು ಹೋಗಿ ಬೆಲ್ ಒತ್ತಿ, ಹೆಪ್ಪಿಗೆ ಮೊಸರು ಕೇಳಿದೆ. ಬಾಗಿಲು ತೆರೆದವನು ಸಭ್ಯನಾಗಿಯೇ, ಆಪ್‌ನಲ್ಲಿ ತರಿಸಿದರೆ ಹತ್ತು ನಿಮಿಷಕ್ಕೆ ಬರುತ್ತದಲ್ಲ ಎಂದ. ಹಿಂದೆ ತಿರುಗಿ ನೋಡಿದೆ. ಒಂದು ಬಾಗಿಲೂ ತೆರೆದಿರಲಿಲ್ಲ.

ನನಗೆ ನಿಮ್ಮ ಹೆಂಡತಿಯ ಕೈಯಿಂದಲೇ ಬೇಕು ಎಂದೆ. ಅವಳ ಮುಖ ಕಾಣುವ ತನಕ ಅಲ್ಲೇ ನಿಂತೆ.