ಮೊದಲೇ ಹಾಕಿದ ರೈಟ್ ಗುರುತು

ನವಲಗುಂದ ಬಸ್ ನಿಲ್ದಾಣದ ಹೊರಗೆ ಗೋಬಿ ಮಂಚೂರಿ ಗಾಡಿಯವನು ಬಾಣಲೆಗೆ ವಿನೆಗರ್ ಸುರಿದರೆ ಎಲ್ಲರ ಬಾಯಲ್ಲಿ ನೀರೂರುತ್ತದೆ. ನನ್ನ ಕೈ ಮಾತ್ರ ಗ್ಲೌಸ್ ಹುಡುಕುತ್ತದೆ. ನಗಬೇಡಿ. ಆಸ್ಪತ್ರೆಯಲ್ಲಿ ಎಂಡೋಸ್ಕೋಪ್ ಮುಳುಗಿಸಿಡುವ ಔಷಧಕ್ಕೂ ಇದೇ ಹುಳಿ ವಾಸನೆ.

ಎರಡು ವರ್ಷದ ಹಿಂದೆ, ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮುಗಿದ ಹೊಸದರಲ್ಲಿ, ಸಣ್ಣ ಆಸ್ಪತ್ರೆಯೊಂದರಲ್ಲಿ ಅದನ್ನು ತೊಳೆಯುವ ಕೆಲಸಕ್ಕೆ ಸೇರಿದ್ದೆ. ಬಾಯಿಯಿಂದ ಹೊಟ್ಟೆಗಿಳಿಸಿ ನೋಡುವ ಉದ್ದನೆಯ ಕೊಳವೆ ಅದು. ಒಳಗೆ ಸಪೂರ ದಾರಿ. ಪ್ರತಿ ರೋಗಿಯ ನಂತರ ಅದರಲ್ಲಿ ಬ್ರಷ್ ಎಳೆಯಬೇಕು, ಶುಭ್ರವಾಗಿ ಹೊರಬರುವವರೆಗೆ; ಆಮೇಲೆ ಔಷಧ. ಒಳಗೆ ಕೊಳೆ ಉಳಿದರೆ ಔಷಧ ಇದ್ದೂ ಇಲ್ಲದಂತೆ. ಇದರ ಮೇಲೆ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ, ಚಿತ್ರಸಮೇತ.

ರಿಜಿಸ್ಟರಿನಲ್ಲಿ ಒಂದೊಂದು ಹಂತಕ್ಕೂ ಒಂದೊಂದು ಮನೆ. ಖಾಲಿ ಮನೆ ಕಂಡರೆ ನನಗೆ ತಡೆಯದು. ಸಾಲಿಗೆಲ್ಲ ಮೊದಲೇ ರೈಟ್ ಹಾಕಿ ಕೆಲಸಕ್ಕಿಳಿಯುತ್ತಿದ್ದೆ. ಜೊತೆಗಿದ್ದ ಹಿರಿಯ ಆಯಾ ಬಸವ್ವಕ್ಕ, "ಉಣ್ಣೂಕಿಂತ ಮೊದಲಽ ತೇಗ ಬಿಡತಿಯಲ್ಲಬೇ!" ಎಂದು ನಗುತ್ತಿದ್ದಳು.

ಒಂದು ದಿನ ಬಸವ್ವಕ್ಕ ರೋಗಿಗಳ ಬಳಿ ನಿಂತಿದ್ದಳು; ಮೊದಲ ಬಾರಿಗೆ ನಾನೊಬ್ಬಳೇ ತೊಳೆಯುತ್ತಿದ್ದೆ. ಏಳನೆಯ ರೋಗಿ ಕುರಿ ಕಾಯುವ ನಿಂಗಪ್ಪ ಕಾಕಾ. ಹಿಂದಿನ ಸಂಜೆಯಿಂದ ಉಪವಾಸ.

"ಹೊಟ್ಟ್ಯಾಗ ಏನೈತಿ ನೋಡಾಕ ಹೊಟ್ಟಿ ಖಾಲಿ ಇಡಸ್ತೀರಿ. ಖಾಲಿ ಇದ್ರ ಏನ್ ಕಾಣತೈತೆವ್ವಾ?"

ನಗುತ್ತಲೇ ಸ್ಕೋಪ್ ತಂದುಕೊಟ್ಟೆ. ಬಸವ್ವಕ್ಕನಿಗೆ ಏನನ್ನಿಸಿತೋ, ಒಮ್ಮೆ ಬ್ರಷ್ ಹಾಯಿಸಿದಳು. ತುದಿಯಲ್ಲಿ ಕಂದು ಲೋಳೆ, ಅದರೊಳಗೆ ರಕ್ತದ ಎಳೆ.

"ಇದ್ಯಾರ ಹೊಟ್ಟೀದಬೇ?"

ಆರನೆಯವರದು. ಬ್ರಷ್ ಹಾಕಿದ್ದೆನೇ? ನೆನಪಾಗಲಿಲ್ಲ. ರಿಜಿಸ್ಟರ್ ತೆರೆದೆ. ರೈಟ್ ಇತ್ತು, ಅಂದವಾಗಿ. ಮೇಲಿನ ಐದು ಸಾಲುಗಳಲ್ಲೂ ಇತ್ತು. ಅವುಗಳಲ್ಲಿ ಯಾವುದು ನಿಜ ಎಂದು ಹೇಳಬಲ್ಲವಳು ಲೋಕದಲ್ಲಿ ನಾನೊಬ್ಬಳೇ, ನನಗೇ ಗೊತ್ತಿರಲಿಲ್ಲ.

ಕಾಕಾ ಮಂಚದಿಂದಿಳಿದು ರುಮಾಲು ಸುತ್ತಿಕೊಂಡರು. "ಕುರಿಗೆ ಔಷಧ ಕುಡಸೋ ಗೊಟ್ಟಾನೂ ತೊಳದಽ ಇನ್ನೊಂದರ ಬಾಯಿಗೆ ಇಡತೀವ್ರಿ ನಾವು." ಅಷ್ಟೇ ಅಂದು ಹೋದರು.

ಡಾಕ್ಟರಿಗೆ ಹೇಳಿದೆ. ಆರೂ ಮಂದಿಯನ್ನು ಕರೆಸಿ, ಒಬ್ಬರ ಸೋಂಕು ಇನ್ನೊಬ್ಬರಿಗೆ ದಾಟಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ. "ಸಾದಾ ತಪಾಸಣಿ ಅಂತ ಹೇಳ್ರಿ, ಸುಮ್ನ ಅಂಜಸಬ್ಯಾಡ್ರಿ" ಎಂದರು. ಹಾಗೇ ಹೇಳಿದೆ. ಯಾರಿಗೂ ಏನೂ ಆಗಿರಲಿಲ್ಲ. ಆಗಿರಲಿಲ್ಲವೆಂದು ನಾನೂ ಸುಮ್ಮನಾದೆ.

ಇವತ್ತು ಆ ಗೋಬಿ ಗಾಡಿಯ ಮುಂದೆ ಯಾರೋ ಭುಜ ಮುಟ್ಟಿದರು. ಯಮನೂರಿನ ಗಂಗಮ್ಮ, ಆ ದಿನದ ನಾಲ್ಕನೆಯವರು.

"ಗುರ್ತ ಸಿಕ್ಕಿಲ್ಲೇನ್ರಿ ಮೇಡಂ? ಎರಡೆರಡು ಸಲ ಕರಸಿ ರಕ್ತ ನೋಡಿದ್ರಿ. ಯಾರ್ ಮಾಡ್ತಾರ್ರಿ ಇಷ್ಟು ಕಾಳಜಿ! ಊರಾಗ ಎಲ್ಲಾರಿಗೂ ಹೇಳೇನಿ, ಹೋದ್ರ ಅದಽ ದವಾಖಾನಿಗೆ ಹೋಗ್ರಿ ಅಂತ."

ಬ್ರಷ್ಷಿನ ತುದಿ ನೋಡಿದಾಗಲೂ ನಾನು ಇಷ್ಟು ಬೆಚ್ಚಿರಲಿಲ್ಲ.

"ಅದು ಕಾಳಜಿ ಅಲ್ರೀ," ಎಂದೆ. ಮೊದಲಿನಿಂದ ಹೇಳತೊಡಗಿದೆ.

ಯಮನೂರಿನ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ಗಂಗಮ್ಮ ಹತ್ತಲಿಲ್ಲ.