ಉಳ್ಳೂರಿನಲ್ಲಿ ಓದಿದ ಫ್ರೆಂಚ್ ದೊರೆಯ ದಿನಚರಿ

ಎರ್ನಾಕುಳಂ ದಕ್ಷಿಣ ನಿಲ್ದಾಣದಿಂದ ಶನಿವಾರ ಬೆಳಗಿನ ರೈಲು ಹತ್ತು ನಿಮಿಷ ತಡವಾಗಿ ಹೊರಟಿತು. ತಿರುವನಂತಪುರಕ್ಕೆ ಇನ್ನೂರಿಪ್ಪತ್ತು ಕಿಲೊಮೀಟರ್. ಕೂತು ಹೋಗುವ ಎರಡನೇ ದರ್ಜೆಗೆ ಎಪ್ಪತ್ತು ರೂಪಾಯಿಯೊಳಗೆ. ವೈಟ್ಟಿಲದಲ್ಲಿ ಬಾಡಿಗೆ ಮನೆ ಹಿಡಿದು, ಕೊಚ್ಚಿಯ ಬ್ಯಾಂಕಿನಲ್ಲಿ ನಾಲ್ಕು ವರ್ಷ ಕಳೆದಿದ್ದರೂ ಈ ದಾರಿಯಲ್ಲಿ ನಾನು ಹೋಗಿದ್ದು ಒಂದೇ ಸಲ. ಎರಡನೆಯ ಸಲ ಎಂದೋ ಹೋಗಬೇಕಿತ್ತು.

ಮೊದಲ ಸಲ ಹೋದದ್ದು ಅಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ. ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತವರು ರಘುರಾಮ ಆಳ್ವರು. ಕಾಸರಗೋಡಿನ ಕಡೆಯವರು, ಅಲ್ಲಿಯ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಮೈಸೂರಿನ ಕಾಲೇಜಿನಲ್ಲಿ ನಾನು ಫ್ರೆಂಚ್ ಓದಿದ್ದೆ ಎಂದು ತಿಳಿದದ್ದೇ ತಡ, ಪಾಯಸವನ್ನೂ ಬಿಟ್ಟು ಎದ್ದು ನನ್ನನ್ನು ಉಳ್ಳೂರಿನ ತಮ್ಮ ಮನೆಗೆ ಕರೆದೊಯ್ದರು. ಯೌವನದಲ್ಲಿ ತರಬೇತಿಗೆಂದು ಫ್ರಾನ್ಸಿಗೆ ಹೋದಾಗ ಅವರು ಒಬ್ಬ ವಿಧವೆಯ ಹಳೆಯ ಮನೆಯ ಮಹಡಿಯಲ್ಲಿದ್ದರಂತೆ. ಫ್ರೆಂಚ್ ಕ್ರಾಂತಿಗೆ ಮೊದಲು ಬದುಕಿದ್ದ ಆಕೆಯ ಪೂರ್ವಜ, ಒಬ್ಬ ಸಣ್ಣ ದೊರೆ, ದಿನಚರಿ ಬರೆದಿಟ್ಟಿದ್ದ. ಒಂದು ಚಳಿಗಾಲವಿಡೀ ಕೂತು ಆಳ್ವರು ಅದನ್ನು ನಕಲು ಮಾಡಿಕೊಂಡಿದ್ದರು. ನಲವತ್ತು ಪುಟದ ನೋಟುಬುಕ್ಕು.

"ನನ್ನ ಕನ್ನಡ ಮನೆಯ ಮಾತು. ಬರೆಯಲಿಕ್ಕೆ ಕೂತರೆ ಕೈ ಏಳುವುದಿಲ್ಲ. ನೀನು ಬರೆದುಕೊಡು ಮಾರಾಯ್ತಿ. ಒಮ್ಮೆ ನನ್ನ ಭಾಷೆಯಲ್ಲಿ ಓದಬೇಕು ಇವನನ್ನು," ಎಂದಿದ್ದರು.

ಒಪ್ಪಿಕೊಂಡು ನೋಟುಬುಕ್ಕನ್ನು ಕೊಚ್ಚಿಗೆ ತಂದೆ. ಮೂರು ವರ್ಷದಲ್ಲಿ ಆರು ಪುಟ ಆಗಿತ್ತು. ಅವರು ಫೋನು ಮಾಡಿದಾಗಲೆಲ್ಲ ಆಡಿಟ್ಟು, ವರ್ಷಾಂತ್ಯ, ಅಮ್ಮನ ಕಾಲುನೋವು ಅಂತ ಹೇಳುತ್ತಿದ್ದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು.

ಹೋದ ವಾರ ಫೋನು ಮಾಡಿದ್ದು ಅವರ ಹೆಂಡತಿ. ಮಲಯಾಳಿ, ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ನಾನೂ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಆಳ್ವರಿಗೆ ಪಾರ್ಶ್ವವಾಯು ಬಡಿದಿತ್ತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಇಂಗ್ಲಿಷ್, ಮಲಯಾಳ, ಫ್ರೆಂಚ್ ಮೂರೂ ಅಳಿಸಿಹೋಗಿದ್ದವು. ಉಳಿದದ್ದು ಹುಟ್ಟಿನ ಕನ್ನಡ, ಅದೂ ತಡವರಿಸುತ್ತ.

"ನನಗೂ ಮಗಳಿಗೂ ಕನ್ನಡ ತಿಳಿಯುತ್ತದೆ, ಆಡಲಿಕ್ಕೆ ಬರುವುದಿಲ್ಲ. ನಾವು ಮಲಯಾಳದಲ್ಲಿ ಮಾತಾಡಿದರೆ ಇವರು ಗೋಡೆ ನೋಡ್ತಾರೆ. ನೀನು ಬರ್ತೀಯಾ ಮೋಳೇ?" ಎಂದು ಮಲಯಾಳದಲ್ಲೇ ಕೇಳಿದರು. ಮೋಳೇ ಎಂದರೆ ಮಗಳೇ.

ಕೋಟ್ಟಯಂ ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ಎದುರಿನ ಸೀಟಿನವರು ಕೊಡಿಸಿದ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿನ್ನುತ್ತಲೇ ನೋಟುಬುಕ್ಕು ತೆರೆದು ನಿಘಂಟಿನಲ್ಲಿ ಕಷ್ಟದ ಪದಗಳನ್ನು ಹುಡುಕಿದೆ. ಕೊಲ್ಲಂ ಹತ್ತಿರ ಎಲ್ಲರೂ ಕಿಟಕಿಗೆ ಬಾಗಿ ಹಿನ್ನೀರು ನೋಡಿದರು. ನಾನು ತಲೆ ಎತ್ತಲಿಲ್ಲ.

ರೈಲಿಳಿದು, ನಿಲ್ದಾಣವಿರುವ ತಂಪಾನೂರಿನಿಂದ ಬಸ್ಸು ಹಿಡಿದು ಉಳ್ಳೂರು ಮುಟ್ಟಿದಾಗ ಹನ್ನೆರಡೂವರೆ. ಆಳ್ವರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. "ಹೇಗಿದ್ದೀರಾ ಅಂಕಲ್?" ಎಂದೆ. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. "ಬಾ, ಬಾ. ಊಟ ಆಯ್ತಾ?" ಎಂದರು. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮೀನುಸಾರಿನ ಊಟ ಮುಗಿಸಿ ಓದಲು ಕೂತೆ. ಬರೆದದ್ದು ಆರೇ ಪುಟವಾದ್ದರಿಂದ ಅದು ಬೇಗ ಮುಗಿಯಿತು. ಆಮೇಲೆ ಫ್ರೆಂಚ್ ನೋಡುತ್ತ ಬಾಯಲ್ಲೇ ಕನ್ನಡ ಮಾಡಿ ಹೇಳತೊಡಗಿದೆ. ದೊರೆ ಒಂಬತ್ತಕ್ಕೆ ಏಳುತ್ತಾನೆ. ಇಬ್ಬರು ಆಳುಗಳು ಅವನ ಕೂದಲಿಗೆ ಹಿಟ್ಟು ಹಾಕಿ ಬೆಳ್ಳಗೆ ಮಾಡುತ್ತಾರೆ. ಬೇಟೆನಾಯಿಗಳ ಹೆಸರು ಒಂದೂ ತಪ್ಪದೆ ಬರೆಯುವವನು ತನ್ನ ಎರಡನೆಯ ಮಗಳನ್ನು ಸನ್ಯಾಸಿನಿಯರ ಮಠಕ್ಕೆ ಬಿಟ್ಟು ಬಂದದ್ದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾನೆ. ಅರಸ ಮಲಗುವಾಗ ದೀಪ ಹಿಡಿಯುವ ಗೌರವಕ್ಕೆಂದು ಅರಮನೆಯ ಪಡಸಾಲೆಯಲ್ಲಿ ಹನ್ನೊಂದು ವಾರ ಕಾಯುತ್ತಾನೆ. ಕೊನೆಗೆ ದೀಪ ಸಿಗುತ್ತದೆ. ಬಿಸಿ ಮೇಣ ಕೈಮೇಲೆ ಬಿದ್ದು ಬೊಬ್ಬೆ ಏಳುತ್ತದೆ. ಆಳ್ವರು ಎಡಗೈಯಿಂದ ತೊಡೆ ತಟ್ಟಿ ನಕ್ಕರು. "ಪೆದ್ದ!" ಎಂದರು.

ಮೂರು ಗಂಟೆಗೆ ಗುಡುಗು ಶುರುವಾಗಿ ಮಳೆ ಹೊಯ್ಯಿತು. ಕರೆಂಟು ಹೋಯಿತು. ಕಿಟಕಿಯ ಬೆಳಕಿನಲ್ಲಿ ಮುಂದುವರಿಸಿದೆ.

ದೊರೆಗೆ ಪಾರಿವಾಳದ ಗೂಡಿತ್ತು. ಅವು ಬಿತ್ತಿದ ಹೊಲಕ್ಕೆ ಇಳಿದು ಕಾಳು ತಿಂದರೂ ರೈತರು ಹೊಡೆಯುವಂತಿಲ್ಲ. ಒಂದು ದಿನ ಒಬ್ಬ ಮುದುಕ ರೈತ, ಬಿತ್ತನೆ ಮುಗಿಯುವ ತನಕ ಹಕ್ಕಿಗಳನ್ನು ಮುಚ್ಚಿಡಿ ಎಂದು ಕೇಳಲು ಬಂದ. ದೊರೆಯ ತಲೆಗೆ ಹಿಟ್ಟು ಹಾಕುವುದು ನಡೆದಿತ್ತು. ಅವನು ಹೊರಗೆ ಕಾಯಲಿ ಎಂದ. ಆಮೇಲೆ ಮರೆತು ಔತಣಕ್ಕೆ ಹೋದ. ಸಂಜೆ ನೆನಪಾದಾಗ ಮುದುಕ ಹೊರಟುಹೋಗಿದ್ದ. 'ನಾನು ಹಾಗೆ ಮಾಡಬಾರದಿತ್ತು. ನಾಳೆ ಕರೆಸಬೇಕು' ಎಂದು ಬರೆದಿದ್ದಾನೆ.

"ಕರೆಸಿದನಾ?" ಆಳ್ವರು ಕೇಳಿದರು.

ಮುಂದಿನ ಪುಟ ತಿರುವಿದೆ. ಬೇಟೆ, ಮಳೆ, ಹೊಸ ಕುದುರೆ.

"ಇಲ್ಲ ಅಂಕಲ್, ಕರೆಸಲಿಲ್ಲ," ಎಂದೆ. ಅವರ ಮುಖ ನೋಡಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಇಡಿಯಪ್ಪ ಎಂಬ ಒತ್ತುಶ್ಯಾವಿಗೆ, ಕಡಲೆಕಾಳಿನ ಕರಿ. ಎಂಟಕ್ಕೆ ಮತ್ತೆ ಕೂತೆವು. ಹನ್ನೊಂದರ ಹೊತ್ತಿಗೆ ಕೊನೆಯ ಪುಟವೂ ಮುಗಿಯಿತು. ಮೂರು ವರ್ಷ ಸಮಯವಿಲ್ಲ ಎಂದು ತಳ್ಳಿಕೊಂಡು ಬಂದದ್ದಕ್ಕೆ ಒಂದು ಮಧ್ಯಾಹ್ನ, ಒಂದು ಬೆಳಗು ಸಾಕಾಯಿತು. ವಸಂತದಲ್ಲಿ ಗೇಟಿಗೆ ಬಣ್ಣ ಹೊಡೆಸಬೇಕು ಎಂಬಲ್ಲಿಗೆ ದಿನಚರಿ ನಿಂತಿತ್ತು.

"ಮತ್ತೆ ಅವನಿಗೆ ಎಂತಾಯಿತು?" ಆಳ್ವರು ಕೇಳಿದರು.

ಬಾಗಿಲ ಬಳಿ ನಿಂತಿದ್ದ ಟೀಚರ್ ಮೆಲ್ಲಗೆ ಹೇಳಿದರು: "ಅದು ಆ ಫ್ರೆಂಚ್ ಅಮ್ಮ ಇವರಿಗೆ ಬಾಯಲ್ಲಿ ಹೇಳಿದ್ದಂತೆ. ನನಗೂ ಹೇಳಲಿಲ್ಲ. 'ಆ ಹುಡುಗಿ ಕನ್ನಡದಲ್ಲಿ ಬರೆದಾಗಲಿ, ಕೊನೆಯ ಪುಟ ನಾನೇ ಅವಳಿಗೆ ಹೇಳಿ ಬರೆಸ್ತೇನೆ' ಅಂತಿದ್ರು."

ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. "ಅಂಕಲ್, ಅದನ್ನ ನೀವೇ ಹೇಳ್ಬೇಕು. ಇದು ನಿಮ್ಮ ಪುಸ್ತಕ. ನೀವೇ ಅಲ್ವಾ ಫ್ರಾನ್ಸಲ್ಲಿ ಕೂತು ಬರ್ಕೊಂಡಿದ್ದು?"

ತಮ್ಮದೇ ಅಕ್ಷರವನ್ನು ಅವರು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಸಮಾಧಾನ ಮಾಡುವವರಂತೆ ನಕ್ಕರು. "ನನಗೆಲ್ಲಿ ಫ್ರೆಂಚ್ ಬರ್ತದೆ ಮಾರಾಯ್ತಿ! ಆದರೆ ಚಂದ ಉಂಟು. ಇನ್ನೂ ಚೂರು ಉಂಟಾ ನೋಡು."

ಕೊನೆಯ ಪುಟ ತಿರುವಿ ಅವರಿಗೆ ತೋರಿಸಿದೆ. ಹಿಂಬದಿ ಖಾಲಿಯಿತ್ತು.

ಎರಡು ಗಂಟೆಗೆ ಹೊರಟೆ. ಟೀಚರ್ ಗೇಟಿನವರೆಗೆ ಬಂದು, "ಮುಂದಿನ ಶನಿವಾರ ಬಾ ಮೋಳೇ. ಎಂತ ಬೇಕಾದರೂ ಓದು," ಎಂದರು. ಬರುತ್ತೇನೆ ಎಂದೆ. ಮಳೆಯ ಮೋಡ ಕವಿದಿತ್ತು. ಬಸ್ಸು ಜಂಕ್ಷನ್ನಿನಲ್ಲಿ ತಿರುಗುವಾಗ ಹಿಂದಿರುಗಿ ನೋಡಿದೆ. ಆಳ್ವರ ಮನೆಯ ಕಿಟಕಿ ತೆರೆದೇ ಇತ್ತು. ಒಳಗೆ ಕೂತ ಅವರು ಕಾಣುವಷ್ಟು ಹತ್ತಿರದಲ್ಲಿ ನಾನಿರಲಿಲ್ಲ.