ಕಂಕುಬೆನ್ ಅಳೆದ ಬಿಸಿ

ಅಹಮದಾಬಾದಿನ ನಮ್ಮ ವಠಾರದಲ್ಲಿ ಅಗರಬತ್ತಿ ಹೊಸೆಯುವ ಕಂಕುಬೆನ್‌ಗೆ ಎಲ್ಲವನ್ನೂ ಕೆದಕಿ ಕೇಳುವ ಚಾಳಿ. ಆ ವೈಶಾಖದಲ್ಲಿ ಮನೆಯೊಳಗಿನ ಸೆಕೆಗೆ ಅವಳ ಅತ್ತೆ ಎರಡು ಸಲ ತಲೆಸುತ್ತಿ ಬಿದ್ದರು. ನೋಡಲು ಬಂದ ಆರೋಗ್ಯ ಕಾರ್ಯಕರ್ತೆ ಗೋಡೆಗೆ ಒಂದು ಉಷ್ಣಮಾಪಕ ತೂಗುಹಾಕಿ ಹೋದಳು. ಮಧ್ಯಾಹ್ನ ಅದು ನಲವತ್ತಾರು ಡಿಗ್ರಿ ತೋರಿಸಿತು. ವಠಾರದ ತಗಡಿನ ಸೂರಿನ ಮನೆಗಳೆಲ್ಲ ಹೀಗೆಯೇ ಕಾಯುತ್ತವೆಯೇ ಎಂದು ತಿಳಿಯುವ ಆಸೆ ಕಂಕುಬೆನ್‌ಗೆ. ಮಾಪಕ ಹಿಡಿದು ಮನೆಮನೆಗೆ ಹೊರಟಳು.

"ಬೆನ್, ನಮ್ಮನೆಗೆ ಜ್ವರ ಎಷ್ಟಿದೆ?" ಎಂದು ನಾವೆಲ್ಲ ಛೇಡಿಸಿದೆವು.

ಹದಿನಾಲ್ಕು ಮನೆಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಬಂತು. ಪಾರಿವಾಳ ಸಾಕುವ ಹನೀಫ್‌ಭಾಯಿಯ ಮನೆಯಲ್ಲಿ ಮಾತ್ರ ನಲವತ್ತೊಂದು.

"ಭಾಯಿ, ಒಳಗೆ ಏನು ಬಚ್ಚಿಟ್ಟಿದ್ದೀರಿ?"

"ನನ್ನ ಹತ್ರ ಏನಿದೆ ಬೆನ್? ಒಂದು ಹಳೇ ಫ್ಯಾನು, ಅದೂ ತಿರುಗಲ್ಲ."

ನಂಬದೆ ಅವಳು ಏಣಿ ಹತ್ತಿದಳು. ತಗಡೆಲ್ಲ ಬೆಳ್ಳಗಿತ್ತು. ಮುಟ್ಟಿದರೆ ಕೈ ಸುಡಲಿಲ್ಲ.

"ಅದಾ? ಹಕ್ಕಿಗಳ ಕಾಲು ಸುಡಬಾರದು ಅಂತ ಸುಣ್ಣಕ್ಕೆ ಗೋಂದು ಕಲಸಿ ಬಳಿದೆ."

"ಹಕ್ಕಿ ಕಾಲು ನೋಡಿದ್ರಿ, ನಮ್ಮ ತಲೆ ನೋಡ್ಲಿಲ್ವಲ್ಲ ಭಾಯಿ."

ಹನೀಫ್‌ಭಾಯಿ ನಾಚಿಕೊಂಡರು. ಮರುದಿನ ಬೆಳಿಗ್ಗೆ ತಾವೇ ಸುಣ್ಣದ ಬಕೆಟ್ಟು ಹೊತ್ತು ತಂದು ಅವಳ ಸೂರಿಗೆ ಬಳಿದರು. ಮಧ್ಯಾಹ್ನ ವಠಾರವೆಲ್ಲ ಮಾಪಕದ ಮುಂದೆ ನಿಂತಿತು. ಅದು ನಲವತ್ತೆರಡರ ಮೇಲೆ ಏರಲಿಲ್ಲ. ಆ ವಾರದಲ್ಲೇ ಎಲ್ಲರ ಸೂರೂ ಬೆಳ್ಳಗಾಯಿತು. ಅತ್ತೆ ಆ ಬೇಸಿಗೆ ಮತ್ತೆ ಬೀಳಲಿಲ್ಲ. ಮಧ್ಯಾಹ್ನ ಮನೆಯೊಳಗೇ ಗೊರಕೆ ಹೊಡೆಯತೊಡಗಿದರು.

ಕಂಕುಬೆನ್ ಈಗ ಗೋಡೆಗಳನ್ನು ಮುಟ್ಟುತ್ತಾ ಓಡಾಡುತ್ತಾಳೆ. "ಈ ಪಡುವಣ ಗೋಡೆ ಸೂರ್ಯ ಮುಳುಗಿದ ಮೇಲೂ ಯಾಕೆ ಬಿಸಿಯಾಗಿರುತ್ತೆ?" ಎಂದು ನಿನ್ನೆ ನನ್ನನ್ನೂ ಕೇಳಿದಳು.